ಬಣ್ಣ ಬದಲಾಗುವ ಮುಚ್ಚಳ

ಹೊಸ ಶಾಲೆಗೆ ಸೇರಿದ ಮೊದಲ ವಾರವಿಡೀ ಮಗಳದು ಒಂದೇ ಮಾತು: “ಅಮ್ಮಾ, ನಾಳೆ ನಾನು ಹೋಗಲ್ಲ.” ಅಲ್ಲಿ ಅವಳಿಗೆ ಯಾರೂ ಗೊತ್ತಿಲ್ಲವಂತೆ.

ಎರಡನೇ ವಾರ ಪಾತ್ರೆ ತೊಳೆಯುವಾಗ ನೋಡುತ್ತೇನೆ, ಅವಳ ನೀಲಿ ನೀರಿನ ಬಾಟಲಿಗೆ ಹಸಿರು ಮುಚ್ಚಳ! ಅಳತೆ ಸರಿಯಿಲ್ಲದೆ ನೀರು ಸೋರಿ ಪುಸ್ತಕಗಳ ಅಂಚು ಒದ್ದೆಯಾಗಿತ್ತು. ಯಾರಾದರೂ ಮಗುವನ್ನು ಕಾಡಿಸುತ್ತಿದ್ದಾರೆಯೇ ಎಂಬ ಅನುಮಾನ ಬಂತು.

“ಯಾರೇ ಇದನ್ನ ಬದಲಾಯಿಸಿದ್ದು?”

ಅವಳು ನನ್ನ ಕೈಯಿಂದ ಮುಚ್ಚಳ ಕಸಿದುಕೊಂಡು ಶಾಲೆಯ ಚೀಲಕ್ಕೆ ಸೇರಿಸಿದಳು. ಮಾರನೆಯ ದಿನ ಹಳದಿ ಮುಚ್ಚಳ ಬಂತು. ಮೂರನೆಯ ದಿನ ತಡೆಯಲಾರದೆ, ಒಲೆ ಆರಿಸಿ ಸಂಜೆ ಶಾಲೆಯ ಗೇಟಿಗೇ ಹೋದೆ. ಮಗಳ ಜೊತೆ ಬಂದ ಎರಡು ಜಡೆಯ ಹುಡುಗಿಯ ಕೆಂಪು ಬಾಟಲಿಗೆ ನಮ್ಮ ನೀಲಿ ಮುಚ್ಚಳವಿತ್ತು.

“ಆಂಟಿ, ಬೈಬೇಡಿ,” ಎಂದು ಅವಳೇ ಶುರು ಮಾಡಿದಳು. “ಇವಳು ದಿನಾ ‘ನಾಳೆ ಬರಲ್ಲ’ ಅಂತಿದ್ಲು. ಅದಕ್ಕೇ ಮನೆಗೆ ಹೋಗುವಾಗ ನಮ್ಮ ಬೆಂಚಿನವರಲ್ಲಿ ದಿನಕ್ಕೊಬ್ಬರು ಇವಳ ಜೊತೆ ಮುಚ್ಚಳ ಬದಲಾಯಿಸ್ಕೋತೀವಿ. ವಾಪಸ್ ಕೊಡೋಕಾದ್ರೂ ಬರಲೇಬೇಕಲ್ಲ!”

“ಪುಸ್ತಕ ನೆನೆಯುತ್ತಲ್ಲ, ತಾಯಿ?”

“ಹಸಿರು, ಹಳದಿ ಮುಚ್ಚಳದವರಿಬ್ಬರದ್ದೂ ನೆನೆದಿದೆ. ಇವತ್ತು ನಂದು!”

ನನ್ನ ಪಕ್ಕದಲ್ಲಿ ಮಗಳು ಕಿಸಕ್ಕನೆ ನಕ್ಕಳು. ‘ಹೋಗಲ್ಲ’ ಎಂಬ ಮಾತು ಮೂರು ದಿನದಿಂದ ಕೇಳಿಯೇ ಇಲ್ಲವೆಂದು ಆಗ ನೆನಪಾಯಿತು.

ಮನೆಗೆ ಬಂದವಳೇ ಹಳೆಯ ಟವೆಲು ಕತ್ತರಿಸಿ ಬಾಟಲಿಗೊಂದು ದಪ್ಪ ಚೀಲ ಹೊಲಿದುಕೊಟ್ಟೆ. ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಅಮ್ಮಾ, ಇನ್ನೂ ಮೂರು ಬೇಕು. ನಾಳೆ ಬೆಳಿಗ್ಗೆಯೊಳಗೆ.”