ಒಂದೂವರೆ ಆಳು

ಐದು ಜನ ಮಾಡುತ್ತಿದ್ದ ಕೆಲಸಕ್ಕೆ ಒಂದೂವರೆ ಜನ ಸಾಕು ಎಂದು ಕಂಪನಿ ತೀರ್ಮಾನ ಮಾಡಿತು. ಒಂದು, ಮಹದೇವ್. ಅರ್ಧ, ಬಿಂದುಶ್ರೀ.

ಆ ಒಂದನ್ನು ಈಗ ಫ್ರೀಜರ್ ಬಾಕ್ಸಿನಿಂದ ಎತ್ತುತ್ತಿದ್ದರು. ತಲೆ ಕಡೆ ಹುಷಾರು, ತಲೆ ಕಡೆ ಹುಷಾರು ಎಂದು ಸೋದರಮಾವ ತಿಮ್ಮಯ್ಯ ಒಂದೇ ಸಮ ಹೇಳುತ್ತಿದ್ದ. ಬ್ಯಾಡರಹಳ್ಳಿಯ ಆ ಬೀದಿ ಎಷ್ಟು ಇಕ್ಕಟ್ಟೆಂದರೆ ಶಾಮಿಯಾನದ ಎರಡು ಕಾಲುಗಳನ್ನು ಎದುರು ಮನೆಯ ಗೇಟಿಗೆ ಕಟ್ಟಿದ್ದರು. ಯಾರೋ ಬಾಕ್ಸಿನ ಪ್ಲಗ್ ಕಿತ್ತರು. ನಿನ್ನೆ ಸಂಜೆಯಿಂದ ಗುಂಯ್‌ಗುಡುತ್ತಿದ್ದ ಸದ್ದು ನಿಂತಿತು.

ಆಗ ಒಳಗೆ ಟಿವಿ ಸ್ಟ್ಯಾಂಡಿನ ಮೇಲೆ ಫೋನು ಹೊಡೆದುಕೊಂಡಿತು. ಮಹದೇವನ ಸ್ವಂತದ್ದಲ್ಲ, ಆಫೀಸಿನದು. ಆ ರಿಂಗು ಬೀದಿಯ ಹಾಲಿನವನಿಗೂ ಗೊತ್ತಿತ್ತು. ಹೊಸ್ತಿಲ ಹತ್ತಿರ ಕೂತಿದ್ದ ತಾಯಿ ಬೋರಮ್ಮ ಎದ್ದು ಹೋಗಿ ಎತ್ತಿದಳು. ಕಿವಿ ಮಂದವಾಗಿದ್ದರಿಂದ ಸ್ಪೀಕರ್ ಹಾಕಿಕೊಂಡೇ ಮಾತಾಡುವುದು ಅವಳ ರೂಢಿ. ಹೆಂಗಸರೆಲ್ಲ ಕೇಳಿಸಿಕೊಂಡರು.

“ಮಹದೇವಣ್ಣ, ದಾವಣಗೆರೆ ಬ್ರಾಂಚಿಂದ. ಸಿಸ್ಟಮ್ ಒಳಗೇ ಬಿಡ್ತಿಲ್ಲ. ಒಂಚೂರು ನೋಡಿ ಅಣ್ಣ.”

“ಅವ್ನು ಮಲಗವ್ನೆ ಕಣಪ್ಪ.”

“ಹೌದಾ ಅಮ್ಮ? ಎದ್ದ ಮೇಲೆ ಒಂದ್ಸಲ ನೋಡಕ್ಕೆ ಹೇಳಿ.”

“ಆಯ್ತು” ಎಂದು ಬೋರಮ್ಮ ಫೋನಿಟ್ಟು, ಸೆರಗಿನಿಂದ ಅದರ ಗಾಜು ಒರೆಸಿ, ಇದ್ದ ಜಾಗದಲ್ಲೇ ನೆಟ್ಟಗೆ ಇಟ್ಟಳು.

ಬಿಂದುಶ್ರೀ ಬೆಳಿಗ್ಗೆಯಿಂದ ಮಹದೇವನ ಹೆಂಡತಿ ಕಲಾವತಿಯ ಪಕ್ಕದಲ್ಲಿ ಕೂತಿದ್ದಳು. ಎದ್ದು ಹೋಗಿ ಫೋನ್ ಆಫ್ ಮಾಡಬೇಕೆನ್ನಿಸಿತು. ಅದನ್ನು ಆಫ್ ಮಾಡುವಂತಿಲ್ಲ ಎಂಬುದು ನಿಯಮ. ನಿಯಮ ಬರೆದ ಪುರುಷೋತ್ತಮ ಇನ್ನೇನು ಬರುವವನಿದ್ದ.

*

ಪಾಳಿ ಫೋನು ಎಂದು ಅದಕ್ಕೆ ಹೆಸರಿಟ್ಟವನು ಮಹದೇವನೇ. ರಾಜಾಜಿನಗರದಲ್ಲಿ ಹೆಡ್ ಆಫೀಸಿದ್ದ ಆ ಸಾಲದ ಕಂಪನಿಗೆ ರಾಜ್ಯದ ತುಂಬ ಬ್ರಾಂಚುಗಳು. ಯಾವ ಬ್ರಾಂಚಿನಲ್ಲಿ ಕಂಪ್ಯೂಟರಿನದು ಏನು ಕೆಟ್ಟರೂ ಆ ಫೋನಿಗೇ ಕರೆ. ಐದು ಜನ ಇದ್ದಾಗ ಅದು ಸೋಮವಾರದಿಂದ ಸೋಮವಾರಕ್ಕೆ ಕೈ ಬದಲಾಗುತ್ತಿತ್ತು. ಮಹದೇವ ಅದನ್ನು ತಾಂಬೂಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೋಹನ್ ಕುಮಾರನಿಗೆ ಕೊಡುತ್ತಿದ್ದ. ತಗೋ ಗುರು, ನಿನ್ ಕೂಸು, ಇನ್ ಮೇಲೆ ಅತ್ರೆ ನೀನೇ ಎತ್ಕೋ ಎನ್ನುತ್ತಿದ್ದ. ಕೊಟ್ಟ ಸಂಜೆ ಕಲಾವತಿಯನ್ನು ಕರೆದುಕೊಂಡು ಮಾಗಡಿ ರಸ್ತೆಯಲ್ಲಿ ಮಸಾಲೆ ದೋಸೆ ತಿನ್ನಲು ಹೋಗುವುದು ಪದ್ಧತಿ.

ಬ್ರಾಂಚಿನವರು ತಮ್ಮ ತೊಂದರೆಯನ್ನು ಕಂಪ್ಯೂಟರಿನಲ್ಲಿ ಬರೆದು ಹಾಕಬೇಕು, ಅದಕ್ಕೆ ಟಿಕೆಟ್ ಎಂದು ಹೆಸರು. ಮಹದೇವನಿಗೆ ಟಿಕೆಟ್ ಎಂದರೆ ದೂರು. ದೂರು ಎಂದರೆ ಪೊಲೀಸ್ ಸ್ಟೇಷನ್ನು. ಅವನ ಅಪ್ಪ ಬೈರಯ್ಯ ಹೊಲದ ಬದುವಿನ ವಿಷಯಕ್ಕೆ ಒಂದು ದೂರು ಕೊಟ್ಟು, ದಾಯಾದಿಗಳ ಜೊತೆ ಸಾಯುವ ತನಕ ಮಾತು ಬಿಟ್ಟಿದ್ದ. ಗೊತ್ತಿರೋರ ಮೇಲೆ ಯಾರಾದ್ರೂ ದೂರು ಬರೆಸ್ತಾರಾ, ಫೋನ್ ಮಾಡಿದ್ರಲ್ಲ, ಆಯ್ತು ಬಿಡಿ ಎಂದು ಮಹದೇವ ಸರಿಮಾಡಿಬಿಡುತ್ತಿದ್ದ. ಬರೆದು ಹಾಕಲು ಯಾರಿಗೂ ಬಿಡುತ್ತಿರಲಿಲ್ಲ. ಕೆಡುವ ಮೊದಲೇ ವಾಸನೆ ಹಿಡಿದು ಸರಿಮಾಡಿದ್ದಕ್ಕಂತೂ ಲೆಕ್ಕವೇ ಇರಲಿಲ್ಲ.

ವಿಭಾಗದ ಮುಖ್ಯಸ್ಥ ಪುರುಷೋತ್ತಮ ಪ್ರತಿ ವರ್ಷ ಒಂದು ಪ್ಲಾನ್ ಮಾಡುತ್ತಿದ್ದ. ಬಂದ ಟಿಕೆಟ್ಟುಗಳನ್ನು ಒಬ್ಬ ಮನುಷ್ಯ ಮಾಡಬಲ್ಲ ಕೆಲಸದಿಂದ ಭಾಗಿಸಿದರೆ ಎಷ್ಟು ಜನ ಬೇಕು ಎನ್ನುವುದು ಬರುತ್ತದೆ. ಟಿಕೆಟ್ಟುಗಳೇ ಇರಲಿಲ್ಲ. ಮೊದಲು ಮೋಹನ್ ಕುಮಾರನನ್ನು ಕಳಿಸಿದರು. ಮರು ವರ್ಷ ಇನ್ನಿಬ್ಬರು. ನಾಲ್ಕನೆಯವನನ್ನು ಹೈದರಾಬಾದಿಗೆ ಎತ್ತಿಹಾಕಿದರು. ಆಮೇಲೂ ಭಾಗಾಕಾರದಲ್ಲಿ ಅರ್ಧ ಉಳಿಯಿತೆಂದು, ಮಧ್ಯಾಹ್ನದವರೆಗೆ ಇಲ್ಲಿ, ಮಧ್ಯಾಹ್ನದ ಮೇಲೆ ಆಡಿಟ್ ವಿಭಾಗದಲ್ಲಿ ಎಂದು ಬಿಂದುಶ್ರೀಯನ್ನು ತಂದು ಕೂರಿಸಿದರು.

ಸೋಮವಾರ ಫೋನು ಕೊಡಲು ಮಹದೇವನಿಗೆ ಯಾರೂ ಇರಲಿಲ್ಲ. ಅರ್ಧದವರ ಕೈಗೆ ಅದನ್ನು ಕೊಡುವಂತಿಲ್ಲ.

ಅವಳು ಅವನಿಗೆ ಬೈದಳು. ಅಣ್ಣ, ನೀವು ಮಾಡಿದ ಕೆಲಸ ಯಾರಿಗೂ ಕಾಣಲ್ಲ, ಟಿಕೆಟ್ ಹಾಕಿಸಿ ಎಂದು ದಿನವೂ ಗಂಟು ಬಿದ್ದಳು. ಕೊನೆಗೆ ಒಪ್ಪಿದ. ಫೋನು ಮಾಡಿದವರಿಗೆಲ್ಲ, ಬೇಜಾರ್ ಮಾಡ್ಕೋಬೇಡಿ, ಒಂದು ಟಿಕೆಟ್ ಹಾಕ್ಬಿಡಿ ಎಂದು ತಪ್ಪು ಮಾಡಿದವನ ಹಾಗೆ ಕೇಳಿಕೊಳ್ಳತೊಡಗಿದ. ಟಿಕೆಟ್ಟುಗಳು ಮೂರು ಪಟ್ಟಾದವು. ಈ ಸಲ ಇನ್ನಿಬ್ಬರು ಬಂದೇ ಬರ್ತಾರೆ ಎಂದು ಬಿಂದುಶ್ರೀ ಲೆಕ್ಕ ಹಾಕಿದಳು.

ಮೀಟಿಂಗಿನಲ್ಲಿ ಪುರುಷೋತ್ತಮ ಗೋಡೆಯ ಮೇಲೆ ಏರುವ ಗೆರೆ ತೋರಿಸಿದ. ಇಷ್ಟು ವರ್ಷ ನೆಟ್ಟಗಿದ್ದ ವಿಭಾಗದಲ್ಲಿ ದೂರು ಈ ಪಾಟಿ ಏರಿದೆ, ಮಹದೇವ್, ನಿಮ್ಮ ಗಮನ ಎಲ್ಲಿದೆ ಎಂದು ಕೇಳಿದ. ಜನ ಬರಲಿಲ್ಲ. ಎಚ್ಚರಿಕೆಯ ಮೇಲ್ ಬಂತು.

ಕೆಳಗೆ ಟೀ ಅಂಗಡಿಯಲ್ಲಿ ಮಹದೇವ ನಗುತ್ತಾ ನಿಂತಿದ್ದ. “ದೂರು ಕಣಮ್ಮ ಅದು ಅಂತ ಮೊದಲಿಂದ್ಲೂ ಹೇಳ್ಲಿಲ್ವಾ ನಾನು? ನೋಡು, ನನ್ ಕೈಲೇ ನನ್ ಮೇಲೆ ಬರೆಸಿದೆ ನೀನು.”

ಅವಳಿಗೆ ನಗು ಬಂದಿರಲಿಲ್ಲ. ಕೈಯಲ್ಲಿದ್ದ ಪೇಪರ್ ಕಪ್ಪನ್ನು ಮುದುರಿ ಚರಂಡಿಗೆ ಎಸೆದಿದ್ದಳು.

*

ಪುರುಷೋತ್ತಮ ಹಾರ ತಂದಿದ್ದ. ಅದರ ಅಗಲವಾದ ರಿಬ್ಬನ್ನಿನ ಮೇಲೆ ಕಂಪನಿಯ ಹೆಸರಿತ್ತು. ಹಾರ ಹಾಕಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಕಂಪನಿ ನಿಮ್ಮ ಜೊತೆಗಿದೆ ಎಂದು ಕಲಾವತಿಗೆ ಹೇಳಿದ. ಆಮೇಲೆ ದನಿ ತಗ್ಗಿಸಿ, ಆಫೀಸಿನ ಫೋನು ಇಲ್ಲೇ ಇದೆಯಾ ಎಂದು ಕೇಳಿದ. ಬೋರಮ್ಮ ತಂದುಕೊಟ್ಟಳು. ದಾವಣಗೆರೆಯವರು ಕರೆದಿದ್ದರು ಎಂದೂ ಹೇಳಿದಳು.

ಅವನು ಬಿಂದುಶ್ರೀಯನ್ನು ಎದುರು ಮನೆಯ ಸಂಪಿನ ಹತ್ತಿರಕ್ಕೆ ಕರೆದ. ಮುಂದಿನ ವರ್ಷದ ಪ್ಲಾನ್ ಇವತ್ತು ಸಂಜೆ ಮುಂಬೈಯಲ್ಲಿರುವ ಮಾಲೀಕರಿಗೆ ಹೋಗಬೇಕಂತೆ. ತನಗೂ ನೋವಿದೆಯಂತೆ. ಆದರೆ ಕೆಲಸ ನಿಲ್ಲುವುದಿಲ್ಲವಂತೆ.

“ಫೋನ್ ನೀವು ತಗೊಳ್ಳಿ ಬಿಂದು. ಹ್ಯಾಂಡೋವರ್ ಆಯ್ತು ಅಂತ ಹಾಕ್ತೀನಿ. ಆಡಿಟ್‌ನೋರಿಗೆ ನಾನು ಹೇಳ್ತೀನಿ. ಅರ್ಧ ಇದ್ದೋರು ಪೂರ್ತಿ ಆಗ್ತೀರಿ. ಪ್ರಮೋಷನ್ ಅನ್ಕೊಳ್ಳಿ.”

“ಮಹದೇವಣ್ಣನ ಜಾಗಕ್ಕೆ ಯಾರು ಬರ್ತಾರೆ ಸಾರ್?”

“ನೀವೇ ಅಲ್ವಾ?”

“ನನ್ನ ಜಾಗಕ್ಕೆ?”

ಅವನು ಶಾಮಿಯಾನದ ಕಡೆ ನೋಡಿದ. ಆ ಅರ್ಧ ಇನ್ನು ಬೇಕಾಗಲ್ಲ, ಒಬ್ಬರಲ್ಲೇ ನಡೆಯುತ್ತೆ ಎಂದು ಮುಂಬೈಗೆ ಆಗಲೇ ಹೇಳಿಯಾಗಿದೆ ಎಂದ. ಅವಳು ಬೇಡವೆಂದರೆ ಎಲ್ಲವನ್ನೂ ಹೊರಗಿನ ಏಜೆನ್ಸಿಗೆ ಕೊಡುತ್ತಾರೆ, ಆಗ ಅವಳ ಅರ್ಧವನ್ನು ಉಳಿಸುವುದೂ ತನ್ನ ಕೈಯಲ್ಲಿರುವುದಿಲ್ಲ ಎಂದ. ಗದರಿಸುವ ದನಿಯಲ್ಲಲ್ಲ, ಮಳೆ ಬರುವ ಹಾಗಿದೆ ಎನ್ನುವ ದನಿಯಲ್ಲಿ.

ಅತ್ತಿಗುಪ್ಪೆಯ ಬಾಡಿಗೆ ಮನೆಯಲ್ಲಿ ಬಿಂದುಶ್ರೀ ಮತ್ತು ಅವಳ ಅಮ್ಮ. ಮನೆ ನಡೆಯುವುದು ಆ ಅರ್ಧ, ಈ ಅರ್ಧ ಸೇರಿ ಬರುವ ಒಂದು ಸಂಬಳದಲ್ಲಿ.

“ಮಣ್ಣಾಗ್ಲಿ ಸಾರ್. ಆಮೇಲೆ ಹೇಳ್ತೀನಿ.”

“ಸಂಜೆ ಒಳಗೆ” ಎಂದು ಅವನು ಫೋನನ್ನು ಅಂಗೈಯಲ್ಲೇ ಹಿಡಿದುಕೊಂಡ.

*

ಹೋದ ಯುಗಾದಿಯ ಮರುದಿನ, ಹೊಸತೊಡಕಿಗೆ, ಮಹದೇವ ಅವಳನ್ನು ಊಟಕ್ಕೆ ಕರೆದಿದ್ದ. ಬಾಡೂಟ. ಬೋರಮ್ಮ ಮುದ್ದೆ ಇಡುತ್ತಾ, ಆಫೀಸಲ್ಲಿ ಏನು ಕೆಲಸ ಕಣವ್ವ ಎಂದು ಕೇಳಿದ್ದಳು. ಮಗನೇ ಉತ್ತರ ಕೊಟ್ಟ. ಅವ್ವ, ಇವಳು ನಮ್ಮಲ್ಲಿ ಅರ್ಧಾಳು.

“ಯಾವರ್ಧ? ಸೊಂಟದ ಮ್ಯಾಲಿಂದೋ, ಕೆಳಗಿಂದೋ?”

“ಬೆಳಿಗ್ಗೆದರ್ಧ ನಂಗೆ, ಮಧ್ಯಾಹ್ನದರ್ಧ ಬೇರೆಯೋರಿಗೆ.”

“ನಾಟಿಗೆ ಹಂಗೆ ಕರ್ಕೊಂಡಿದ್ರೆ ಪೈರು ಕೈಲಿ ಹಿಡ್ಕೊಂಡೇ ಹೊಂಟೋಗೋರು” ಎಂದು ಬೋರಮ್ಮ ಅವಳಿಗೆ ಇನ್ನೊಂದು ಮುದ್ದೆ ಇಟ್ಟಳು. ಪೂರ್ತಿ ತಿನ್ನು ಮಗ, ಅರ್ಧ ಬುಡಬ್ಯಾಡ ಎಂದಳು.

ಅವತ್ತು ಊಟದ ಮಧ್ಯೆ ಫೋನು ಬಂತು. ಮಹದೇವ ಎಡಗೈಯಲ್ಲಿ ಹಿಡಿದುಕೊಂಡು ಮಹಡಿ ಮೆಟ್ಟಿಲ ಮೇಲೆ ಹೋಗಿ ಕೂತ. ಅವನು ಬರುವ ಹೊತ್ತಿಗೆ ತಟ್ಟೆಯಲ್ಲಿದ್ದ ಸಾರಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು.

*

ಬಾಯಿಗೆ ಅಕ್ಕಿ ಹಾಕುವವರೆಲ್ಲ ಬನ್ನಿ ಎಂದು ತಿಮ್ಮಯ್ಯ ಕರೆದ. ಕಲಾವತಿ ಅಕ್ಕಿ ಹಾಕಿ ಬಂದು ಬಿಂದುಶ್ರೀಯ ಮುಂಗೈ ಹಿಡಿದಳು. ಬಿಗಿಯಾಗಿ ಹಿಡಿದಳು.

“ನಿನ್ನೆ ಮನೆಯಿಂದ್ಲೇ ಕೆಲ್ಸ ಮಾಡ್ತಿದ್ರು. ಬೆಳಿಗ್ಗೆನೇ ಎದೆ ಹಿಡ್ಕೊಂಡಂಗೆ ಆಗ್ತಿದೆ ಅಂದ್ರು ಬಿಂದು. ಆಟೋ ತರಿಸ್ದೆ. ಚಪ್ಪಲಿನೂ ಹಾಕ್ಕೊಂಡ್ರು. ಆಮೇಲೆ ಆ ಆಫೀಸ್ ಫೋನ್ ನೋಡ್ತಾ ನಿಂತ್ಬಿಟ್ರು.”

ಆಸ್ಪತ್ರೆಯಲ್ಲಿ ಒಳಗೆ ಮಲಗಿಸಿಕೊಂಡರೆ ಇದನ್ನು ಯಾರಿಗೆ ಕೊಡಲಿ ಎಂದು ಮಹದೇವ ಪುರುಷೋತ್ತಮನಿಗೆ ಕರೆ ಮಾಡಿ ಕೇಳಿದನಂತೆ. ಬಿಂದು ಈ ವಾರ ಪೂರ್ತಿ ಆಡಿಟ್ ಲೆಕ್ಕದಲ್ಲಿದ್ದಾಳೆ, ಸಂಜೆವರೆಗೂ ಹೇಗಾದರೂ ನೋಡಿಕೊಳ್ಳಿ, ಆಮೇಲೆ ಏನಾದರೂ ಮಾಡೋಣ ಎಂದು ಆ ಕಡೆಯಿಂದ ಉತ್ತರ. ಮಹದೇವ ಆಟೋದವನಿಗೆ ಹೋಗಪ್ಪ ಎಂದುಬಿಟ್ಟ.

“ನಂಗೊಂದು ಫೋನ್ ಮಾಡಿದ್ರೆ ಬಂದ್ಬಿಡ್ತಿದ್ನಲ್ಲಕ್ಕ.”

“ಅಂದೆ. ಬಿಂದೂನ ಕರೀರಿ ಅಂದೆ. ಅವ್ಳು ಅರ್ಧ ಕಣೇ, ಅರ್ಧದೋಳ ಮೇಲೆ ಪೂರ್ತಿ ಹೊರಿಸಕ್ಕಾಗುತ್ತಾ ಅಂತ ನಕ್ರು.” ಕಲಾವತಿ ಕೈ ಬಿಡಲಿಲ್ಲ. “ಮೂರು ಗಂಟೆಲಿ ಹೊಡ್ಕೊತಾನೇ ಇತ್ತು. ಎತ್ತಲಿಲ್ಲ. ಇಷ್ಟು ವರ್ಷದಲ್ಲಿ ಅದನ್ನ ಎತ್ತದೆ ಇದ್ದಿದ್ದು ಅದೇ ಮೊದ್ಲು. ಅದಕ್ಕೇ ಒಳಗೆ ಹೋಗಿ ನೋಡ್ದೆ.”

ಹೊರಗೆ ತಮಟೆ ಶುರುವಾಯಿತು.

ಚಟ್ಟ ಹೊರಲು ಮಹದೇವನ ಜೊತೆ ಕೆಲಸ ಮಾಡಿದವರೇ ಮುಂದೆ ಬಂದರು. ಕೆಲಸ ಕಳೆದುಕೊಂಡಿದ್ದ ಮೂವರು. ಹೈದರಾಬಾದಿನವನಿಗೆ ರಜೆ ಸಿಕ್ಕಿರಲಿಲ್ಲ. ಇನ್ನೊಂದು ಹೆಗಲು ಬೇಕು ಎಂದು ತಿಮ್ಮಯ್ಯ ಸುತ್ತ ನೋಡಿ, ಆ ಮೂವರನ್ನು ಕೆಲಸದಿಂದ ತೆಗೆದವನು ಎಂದು ತಿಳಿಯದೆ ಪುರುಷೋತ್ತಮನನ್ನೇ ಕರೆದ. ಬನ್ನಿ ಸಾರ್, ಆಫೀಸ್‌ನೋರು ನಾಲ್ಕೂ ಜನ ಆಗ್ಲಿ. ಪುರುಷೋತ್ತಮ ಕೈಯಲ್ಲಿದ್ದ ಫೋನು ನೋಡಿಕೊಂಡು ಅನುಮಾನಿಸಿದ.

ಮುಂದಿನ ಬಿದಿರಿಗೆ ಆಗಲೇ ಹೆಗಲು ಕೊಟ್ಟಿದ್ದ ಮೋಹನ್ ಕುಮಾರ್ ತಿರುಗದೆಯೇ ಹೇಳಿದ. “ಮೂರು ಜನ ಸಾಕು ಅಂತಿದ್ರೆ ಹೇಳಿ ಸಾರ್. ಅಡ್ಜಸ್ಟ್ ಮಾಡ್ಕೋತೀವಿ.”

ಪುರುಷೋತ್ತಮ ಬಂದು ಹೆಗಲು ಕೊಟ್ಟ. ಬೀದಿ ತಿರುಗುವಷ್ಟರಲ್ಲಿ ಅವನ ಉಸಿರು ಮೇಲೆ ಬಂದಿತ್ತು. ನೆಂಟರ ಪೈಕಿ ಒಬ್ಬ ಬಂದು ಬಿಡಿಸಿಕೊಂಡ.

ಹೆಂಗಸರು ಇಲ್ಲೇ ಇರಲಿ ಎಂದು ತಿಮ್ಮಯ್ಯ ತಡೆದಿದ್ದ. ಬರ್ಲಿ ಬುಡು, ಇನ್ನೆಷ್ಟು ಜನರ್ನ ಕಮ್ಮಿ ಮಾಡೀಯ ಎಂದು ಬೋರಮ್ಮ ಮುಂದೆ ನಡೆದಳು. ಕಲಾವತಿ, ಮಗಳು ಅನು, ಬಿಂದುಶ್ರೀ ಹಿಂದೆ.

ಹೊಲ ಬಡಾವಣೆಯಾದಾಗ ಮಾರದೆ ಉಳಿಸಿಕೊಂಡ ಒಂದು ಮೂಲೆಯಲ್ಲಿ ಬೈರಯ್ಯನ ಸಮಾಧಿ. ಅದರ ಪಕ್ಕದಲ್ಲಿ ಗುಂಡಿ. ಮೂರು ಕಡೆ ಅಪಾರ್ಟ್‌ಮೆಂಟುಗಳು, ಬಾಲ್ಕನಿಗಳಲ್ಲಿ ಒಣಗುವ ಬಟ್ಟೆ. ಇಳಿಸಿದರು. ಅನು ಮೊದಲ ಹಿಡಿ ಮಣ್ಣು ಹಾಕಿದಳು. ಆಮೇಲೆ ಕಲಾವತಿ, ಬೋರಮ್ಮ, ನೆಂಟರು. ಆಫೀಸ್‌ನೋರು ಬನ್ನಿ ಎಂದು ತಿಮ್ಮಯ್ಯ ಕರೆದ.

ಬಿಂದುಶ್ರೀ ಬಗ್ಗಿ ಎರಡೂ ಕೈ ಸೇರಿಸಿ ಬೊಗಸೆ ತುಂಬ ಮಣ್ಣು ತೆಗೆದುಕೊಂಡಳು. ಎದುರು ಬದಿಯಲ್ಲಿ ಪುರುಷೋತ್ತಮ ಬಲಗೈಯಲ್ಲಿ ಒಂದು ಹಿಡಿ ತೆಗೆದುಕೊಂಡ. ಎಡಗೈಯಲ್ಲಿದ್ದ ಫೋನು ಹೊಡೆದುಕೊಂಡಿತು.

ತಮಟೆಯವನು ಕೋಲು ತಡೆದ. ಎಲ್ಲರೂ ಗುಂಡಿಯ ಒಳಗೆ ನೋಡಿದರು.

“ದಾವಣಗೆರೆಯೋನೇ ಇರ್ಬೇಕು” ಎಂದಳು ಬೋರಮ್ಮ. “ಎತ್ತಿ ಹೇಳಪ್ಪ. ಎದ್ದ ಮ್ಯಾಲೆ ನೋಡ್ತಾನೆ ಅಂತ.”

ಪುರುಷೋತ್ತಮನ ಮುಖ ಕೆಂಪಾಯಿತು. ಗುಂಡಿಯ ಅಂಚಿನಲ್ಲೇ ನಾಲ್ಕು ಹೆಜ್ಜೆ ಸುತ್ತಿ ಬಂದು ಫೋನನ್ನು ಚಾಚಿದ. “ಬಿಂದು, ತಗೊಳ್ಳಿ ಇದನ್ನ. ಬೇಗ.”

ಅವಳ ಕೈಗಳಲ್ಲಿ ಮಣ್ಣಿತ್ತು. ಅವಳು ಅದನ್ನು ಮೆಲ್ಲಗೆ ಮಹದೇವನ ಎದೆಯ ಮೇಲೆ ಬಿಟ್ಟಳು. ಈಗ ಕೈಗಳು ಖಾಲಿಯಾಗಿದ್ದವು. ಅದು ಎಲ್ಲರಿಗೂ ಕಾಣುತ್ತಿತ್ತು.

“ತಗೊಳ್ಳಿ ಅಂದೆ.”

“ಇಲ್ಲ ಸಾರ್. ನಾನು ತಗೊಳಲ್ಲ.”

“ಸಂಜೆ ಏನಂತ ಬರೀಲಿ ನಾನು?”

“ಇದನ್ನೇ ಬರೀರಿ.”

ಅವಳು ಖಾಲಿ ಕೈಗಳನ್ನು ಕಟ್ಟಿಕೊಂಡು ನಿಂತಳು. ಪುರುಷೋತ್ತಮನ ಬಲಗೈಯಲ್ಲಿ ಇನ್ನೂ ಹಾಕದ ಮಣ್ಣು, ಎಡಗೈಯಲ್ಲಿ ಹೊಡೆದುಕೊಳ್ಳುತ್ತಲೇ ಇರುವ ಫೋನು. ಎತ್ತಬೇಕೆಂದರೆ ಮಣ್ಣು ಬಿಡಬೇಕಿತ್ತು. ಅವನು ಬಿಡಲಿಲ್ಲ, ಎತ್ತಲೂ ಇಲ್ಲ. ಬಿಗಿಹಿಡಿದ ಬೆರಳ ಸಂದಿಯಿಂದ ಮಣ್ಣು ಅವನ ಹೊಳೆಯುವ ಶೂ ಮೇಲೆ ಸಣ್ಣಗೆ ಸುರಿಯುತ್ತಿತ್ತು.