ಯಾವ ಹರಿಯೋದು?

ಮೌಖಿಕ ಪರೀಕ್ಷೆಗೆ ಇನ್ನು ಮೂರೇ ಗಂಟೆ. ಮಗಳು ಅಡುಗೆಮನೆ ಮೇಜಿನ ತುಂಬ ಕಂಟಿನ್ಯೂಮ್ ಮೆಕ್ಯಾನಿಕ್ಸಿನ ನೋಟ್ಸು ಹರವಿಕೊಂಡು ಕೂತಿದ್ದಳು. ಭೂಮಿ ಹೇಗೆ ಬಾಗುತ್ತದೆ, ಹೇಗೆ ಬಿರಿಯುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಹೋದ ಸಲ ಅವಳನ್ನು ಕೆಡವಿದ್ದು ಲೆಕ್ಕವಲ್ಲ, ಒಂದು ಚಿಲ್ಲರೆ ಪ್ರಶ್ನೆ. "ಭೂಮಿಯೊಳಗಿನ ಬಂಡೆ ಘನವೋ ದ್ರವವೋ?" ಎಂದಿದ್ದರು ಮೇಷ್ಟ್ರು. "ಘನ" ಎಂದಿದ್ದಳು, ಬಹಳ ಘನವಾಗಿ. "ಮತ್ತೆ ನಿಮ್ಮ ಸಮೀಕರಣದಲ್ಲಿ ಅದು ಹರೀತಾ ಇದೆಯಲ್ಲ?" ಪರೀಕ್ಷೆ ಅಲ್ಲಿಗೇ ಮುಗಿದಿತ್ತು. ಇದು ಕೊನೆಯ ಅವಕಾಶ. ಇದೂ ಕೈಕೊಟ್ಟರೆ ಭೂಕಂಪ ಅಧ್ಯಯನ ಕೇಂದ್ರದಲ್ಲಿ ಸಿಗಲಿದ್ದ ಕೆಲಸಕ್ಕೂ ಎಳ್ಳುನೀರು.

"ಏನಮ್ಮಾ ಮೆಕ್ಯಾನಿಕ್ಕು, ಗಾಡಿ ಸ್ಟಾರ್ಟ್ ಆಯ್ತಾ?" ಎನ್ನುತ್ತ ಅಪ್ಪ ಬಂದ. ಮೂವತ್ತು ವರ್ಷ ರಸ್ತೆಗಳಿಗೆ ಡಾಂಬರು ಹಾಕಿಸಿದ ಮೇಸ್ತ್ರಿ. ಮಗಳು ಓದುವುದು ಗಾಡಿ ರಿಪೇರಿ ಎಂದು ಊರಿಗೆಲ್ಲ ಬೇಕಂತಲೇ ಸಾರಿದವನು.

"ಬಂಡೆ ಹರಿಯುತ್ತೆ ಅಂತ ಬರೀತೀನಪ್ಪಾ. ನನಗೇ ನಂಬಿಕೆ ಇಲ್ಲ."

"ಯಾವ ಹರಿಯೋದು? ಬಟ್ಟೆ ಹರಿಯೋದಾ, ನೀರು ಹರಿಯೋದಾ?"

"ತಮಾಷೆ ಬೇಡ."

"ತಮಾಷೆ ಅಲ್ವೇ. ಡಾಂಬರು ಎರಡೂ ಹರಿಯುತ್ತೆ. ಬಾ ಇಲ್ಲಿ."

ಹಿಂದಿನ ಶೆಡ್ಡಿನ ಮೂಲೆಯಲ್ಲಿ ಡಾಂಬರಿನ ಡಬ್ಬವೊಂದು ಅಡ್ಡ ಬಿದ್ದಿತ್ತು. ಅಪ್ಪ ಕೆಲಸ ಬಿಟ್ಟ ದಿನ ಬಿದ್ದದ್ದು. ಎತ್ತಿಡುತ್ತೇನೆ ಎನ್ನುತ್ತ ಎಂಟು ವರ್ಷ ತಳ್ಳಿದ್ದ. ಡಬ್ಬದ ಬಾಯಿಂದ ಕರಿ ನಾಲಿಗೆಯೊಂದು ಮೊಳದುದ್ದ ಚಾಚಿಕೊಂಡಿತ್ತು. ಸುರಿದ ಜೇನಿನ ಹಾಗೆ ಅಂಚು ದುಂಡಗೆ, ನುಣ್ಣಗೆ. ಅಮ್ಮ ಎಂದೋ ಕಳೆದುಕೊಂಡ ಬಟ್ಟೆ ಕ್ಲಿಪ್ಪು ಅದರಲ್ಲಿ ಅರ್ಧ ಮುಳುಗಿತ್ತು. ಮಗಳು ಮುಟ್ಟಿ ನೋಡಿದಳು. ತಣ್ಣಗೆ, ಕಲ್ಲಿನಂತೆ ಗಟ್ಟಿ.

ಅಪ್ಪ ಸುತ್ತಿಗೆ ಎತ್ತಿ ತುದಿಗೊಂದು ಏಟು ಕೊಟ್ಟ. ಗಾಜಿನ ಹಾಗೆ ಚೂರುಚೂರಾಯಿತು.

"ನೋಡು. ಅವಸರ ಮಾಡಿದ್ರೆ ಹರಿದು ಹೋಗುತ್ತೆ. ಅದರ ಪಾಡಿಗೆ ಬಿಟ್ರೆ ಹರ್ಕೊಂಡು ಹೋಗುತ್ತೆ. ನಿಮ್ಮಮ್ಮನ ಥರ."

"ಕೇಳಿಸ್ತು!" ಎಂದಿತು ಒಳಗಿನಿಂದ ಒಂದು ದನಿ.

ಮಗಳಿಗೆ ನಗು ಬರಲಿಲ್ಲ. ಏಟಿಗೆ ಕಲ್ಲು, ಎಂಟು ವರ್ಷಕ್ಕೆ ನೀರು, ವಸ್ತು ಒಂದೇ. ಡಬ್ಬಕ್ಕೆ ಎಂಟು ವರ್ಷವಾದರೆ ಬೆಟ್ಟಕ್ಕೆ ಎಷ್ಟು ಕೋಟಿ? ಅವಳ ಚಪ್ಪಲಿಯ ಕೆಳಗೆ, ಸಿಮೆಂಟು ನೆಲದ ಕೆಳಗೆ, ಸಾವಿರಾರು ಮೈಲಿ ಬಂಡೆ ಈಗ, ಈ ಗಳಿಗೆ, ಉಗುರು ಬೆಳೆಯುವಷ್ಟೇ ನಿಧಾನವಾಗಿ ಸಾಗುತ್ತಿತ್ತು, ಖಂಡಗಳನ್ನು ಬೆನ್ನ ಮೇಲೆ ಹೊತ್ತುಕೊಂಡು. ಎಲ್ಲೋ ಸಿಕ್ಕಿಕೊಂಡರೆ ಮಾತ್ರ ಸುತ್ತಿಗೆಯ ಏಟು, ಭೂಕಂಪ. ಭೂಮಿ ನಿಂತಿದೆ ಎಂದು ನಂಬಿದ್ದು ನಾವು ಬೇಗ ಹೋಗಿಬಿಡುವವರಾದ್ದರಿಂದ. ಅವಳು ಗೋಡೆ ಹಿಡಿದುಕೊಂಡಳು. ಆಮೇಲೆ ಗೋಡೆಯೂ ಪಯಣಿಗನೇ ಎನಿಸಿ ಕೈ ಬಿಟ್ಟಳು.

ಪರೀಕ್ಷೆಯಲ್ಲಿ ಅದೇ ಮೇಷ್ಟ್ರು, ಅದೇ ಪ್ರಶ್ನೆ. "ಈಗಲಾದ್ರೂ ಹೇಳಿ. ಬಂಡೆ ಘನವೋ ದ್ರವವೋ?"

"ನೀವು ಎಷ್ಟು ಹೊತ್ತು ಕಾಯ್ತೀರಿ ಸಾರ್?"

ಮೇಷ್ಟ್ರು ಅಭ್ಯಾಸಬಲದಿಂದ ಕೈಗಡಿಯಾರ ನೋಡಿದರು. ಅರ್ಥವಾದದ್ದು ಆಮೇಲೆ. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, "ಹೇಳಿ, ನನಗೇನೂ ಅವಸರ ಇಲ್ಲ" ಎಂದರು. ಅವಳು ಚೀಲದಿಂದ ಡಾಂಬರಿನ ಚೂರು ತೆಗೆದು ಅದರ ಪಕ್ಕ ಇಟ್ಟಳು.

ಸಂಜೆ ಅಪ್ಪ ಗೇಟಿನಲ್ಲೇ ಕಾದಿದ್ದ. "ಏನಾಯ್ತೇ?"

"ಹರೀತು."

"ಯಾವ ಹರಿಯೋದು?" ಅಪ್ಪನ ಮುಖ ಸಣ್ಣಗಾಯಿತು.

ಪಾಸಾದ ಕಾಗದವನ್ನು ಅವನ ಕೈಗಿಟ್ಟು ಅವಳು ಸೀದಾ ಶೆಡ್ಡಿಗೆ ನಡೆದಳು. "ಅಪ್ಪಾ, ಆ ಡಬ್ಬ ಎತ್ತಿಡ್ಬೇಡ."

"ನಾನಾ? ಎತ್ತಿಡೋದಾ?" ಎಂದ ಅಪ್ಪ.