ಪ್ರಕಟಣೆ ಓದುವ ದಾನಮ್ಮ

ವಿಜಯನಗರದ ಆ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ರೊಟ್ಟಿ ಬೇಯಿಸುವವಳು ದಾನಮ್ಮ, ದ್ರಾಕ್ಷಾರಸ ಸೋಸುವವಳು ದಾನಮ್ಮ, ಎಲ್ಲ ಮುಗಿದ ಮೇಲೆ ಲೋಟ ತೊಳೆಯುವವಳೂ ದಾನಮ್ಮನೇ. ನಡುವೆ ಆರಾಧನೆಯಲ್ಲಿ ಅದನ್ನು ಸಭೆಗೆ ಹಂಚುವ ಹತ್ತು ನಿಮಿಷ ಮಾತ್ರ ಆ ಕೈ ಮೈಲಿಗೆ. ಹಂಚುವವರ ಪಟ್ಟಿಗೆ ತನ್ನ ಹೆಸರನ್ನೂ ಸೇರಿಸಿ ಎಂದು ಹೋದ ತಿಂಗಳು ಪಾದ್ರಿ ದೇವಪ್ರಿಯ ಅಯ್ಯನವರನ್ನು ಕೇಳಿದ್ದಳು.

"ಹೆಂಗಸರ ಕೈಯಿಂದ ತಗೊಳ್ಳೋಕೆ ಜನ ಒಪ್ಪಲ್ಲಮ್ಮ. ನಿಮಗೆ ಪ್ರಕಟಣೆ ಓದೋಕೆ ಕೊಟ್ಟಿದೀವಲ್ಲ," ಎಂದಿದ್ದರು ಅವರು.

ದಾನಮ್ಮನಿಗೆ ಮೈಯೆಲ್ಲ ಉರಿದುಹೋಗಿತ್ತು. ಅಡುಗೆಗೆ ಬೇಕು, ಬಡಿಸಲು ಬೇಡ. ಇದ್ಯಾವ ಸೀಮೆ ನ್ಯಾಯ?

ಈ ಬುಧವಾರ ಅಯ್ಯನವರು ದಾನಮ್ಮನ ಜೊತೆ ಕರ್ತನ ಭೋಜನ ಕೊಡಲು ಚಂದ್ರಾ ಲೇಔಟಿನ ಜ್ಞಾನಮ್ಮನ ಮನೆಗೆ ಬಂದರು. ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದು ಸವೆದ ಮುದುಕಿ. ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ವಾರಕ್ಕೆ ಮೂರು ದಿನ ಹೋಗಿ ಮೈ ಒರೆಸಿ, ಗಂಜಿ ಕುಡಿಸಿ, ಪ್ರಾರ್ಥನೆ ಮಾಡಿ ಬರುತ್ತಿದ್ದವಳು ದಾನಮ್ಮ. ಅಯ್ಯನವರು ಆ ಮೆಟ್ಟಿಲು ಹತ್ತಿದ್ದು ಇದು ಎರಡನೇ ಸಲ.

ಅವರು ಪ್ರಾರ್ಥಿಸಿ, ರೊಟ್ಟಿ ಮುರಿದು ಮುದುಕಿಯ ಬಾಯಿಗೆ ಹಿಡಿದರು. ಮುದುಕಿ ತುಟಿ ಬಿಗಿದುಕೊಂಡಳು. ಮತ್ತೆ ಹಿಡಿದರೆ ಕೆಮ್ಮಿ ಉಗುಳಿದಳು.

"ದಾನಿ ಕೊಡ್ಲಿ," ಎಂದಳು ತೊದಲುತ್ತ.

ಅಯ್ಯನವರು ಬಾಗಿಲ ಕಡೆ ಒಮ್ಮೆ ನೋಡಿ ತಟ್ಟೆಯನ್ನು ದಾನಮ್ಮನ ಕೈಗಿಟ್ಟರು. ಅವಳು ರೊಟ್ಟಿಯನ್ನು ರಸದಲ್ಲಿ ಅದ್ದಿ, ಮುದುಕಿಯ ತಲೆಯನ್ನು ತೋಳಿಗೆ ಒರಗಿಸಿಕೊಂಡು, ಗಂಟಲು ಸವರುತ್ತ ನುಂಗಿಸಿದಳು. ಮುದುಕಿಯ ಕಣ್ಣು ತುಂಬಿತು.

ಮೆಟ್ಟಿಲಿಳಿಯುವಾಗ ಅಯ್ಯನವರು ದನಿ ತಗ್ಗಿಸಿದರು. "ಇದು ನಮ್ಮಲ್ಲೇ ಇರ್ಲಿ. ಚರ್ಚಿನ ಸಮಿತಿಗೆ ಗೊತ್ತಾದ್ರೆ ಸುಮ್ನೆ ರಗಳೆ."

"ತಪ್ಪು ಮಾಡಿದ್ವಾ ಅಯ್ಯನವರೇ?"

"ತಪ್ಪೇನಿಲ್ಲ. ಆದ್ರೆ ಹೇಳೋದು ಬೇಡ."

ತಪ್ಪಲ್ಲವಂತೆ, ಆದರೂ ಬಚ್ಚಿಡಬೇಕಂತೆ! ದೇವರ ಮನೆಯಲ್ಲೂ ಈ ಕಳ್ಳಾಟ. ದಾನಮ್ಮ ಹಲ್ಲು ಕಚ್ಚಿಕೊಂಡು ಮನೆಗೆ ನಡೆದಳು.

ಭಾನುವಾರ, ಭೋಜನದ ಆರಾಧನೆ. ದಾನಮ್ಮ ಎಂದಿನಂತೆ ಹಾಳೆ ಹಿಡಿದು ನಿಂತು ಪ್ರಕಟಣೆ ಓದಿದಳು. ಸ್ತ್ರೀ ಸಂಘದ ಕೂಟ ಶುಕ್ರವಾರ, ಹಾಡಿನವರ ಅಭ್ಯಾಸ ಶನಿವಾರ. ಹಾಳೆಯಲ್ಲಿದ್ದದ್ದು ಮುಗಿಯಿತು, ಅವಳು ಮುಗಿಸಲಿಲ್ಲ.

"ಬುಧವಾರ ಚಂದ್ರಾ ಲೇಔಟಿನ ಜ್ಞಾನಮ್ಮನವರಿಗೆ ಕರ್ತನ ಭೋಜನ ಕೊಟ್ವಿ. ಪ್ರಾರ್ಥನೆ ಮಾಡಿದವರು ಅಯ್ಯನವರು. ತಿನ್ನಿಸಿದವಳು ನಾನು. ಜ್ಞಾನಮ್ಮನವರು ಒಪ್ಪಿ ತಗೊಂಡ್ರು."

ಅಯ್ಯನವರಿಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು. ದಾನಮ್ಮ ಹಾಳೆ ಮಡಚಿದಳು. ತನ್ನ ಜಾಗಕ್ಕೆ ಹೋಗಲಿಲ್ಲ. ಮೇಜಿನ ಬಳಿ ಹಂಚಲು ನಿಂತಿದ್ದ ಗಂಡಸರ ಸಾಲಿನ ಕೊನೆಗೆ ಹೋಗಿ ನಿಂತು, ತಾನೇ ಬೇಯಿಸಿದ ರೊಟ್ಟಿಯ ತಟ್ಟೆಗೆ ಕೈ ಚಾಚಿದಳು.